ಅಪ್ಪನ ಹೆಸರಿನ ಬೆಂಚು

ನಿಲಂಗಾದ ನಮ್ಮ ಕಿರಾಣಿ ಅಂಗಡಿಗೆ ಮೊದಲು ಶಟರ್ ಇರಲಿಲ್ಲ. ಒಂಬತ್ತು ಸಾಗವಾನಿ ಹಲಗೆಗಳನ್ನು ಸಾಲಾಗಿ ನಿಲ್ಲಿಸಿ ಬಾಗಿಲು ಮುಚ್ಚುತ್ತಿದ್ದೆವು. ಕ್ರಮ ತಪ್ಪಬಾರದೆಂದು ಪ್ರತಿ ಹಲಗೆಯ ಹಿಂದೆ ಅಪ್ಪ ಕೈಯಾರೆ ಅಂಕಿ ಬರೆದಿದ್ದ. ಅವನು ತೀರಿಕೊಂಡ ಮೇಲೆ ನಾನು ಶಟರ್ ಹಾಕಿಸಿದೆ, ಹಲಗೆಗಳು ಅಟ್ಟ ಸೇರಿದವು.

ಮಳೆ ಎರಡು ವರ್ಷ ಸತತ ಕೈಕೊಟ್ಟಿತ್ತು. ಊರಿಗೆ ಎಂಟು ದಿನಕ್ಕೊಮ್ಮೆ ಟ್ಯಾಂಕರ್. ಬಸವ ಜಯಂತಿಗೆ ಅಂಗಡಿ ಮುಂದಿನ ಬೇವಿನ ನೆರಳಲ್ಲಿ ಎರಡು ಮಡಕೆ ನೀರು, ಬಸ್ಸಿಗೆ ಕಾಯುವವರಿಗೆ ಆ ಹಲಗೆಗಳದೇ ಒಂದು ಬೆಂಚು ಇಟ್ಟರೆ ಅಪ್ಪನ ಹೆಸರಿನಲ್ಲಿ ದಾಸೋಹವಾದೀತು ಅನಿಸಿತು. ಪುಣ್ಯಕ್ಕಿಂತ ಪೇಟೆಯವರ ಹೊಗಳಿಕೆಯ ಆಸೆಯೇ ಹೆಚ್ಚಿತ್ತು. ಈಗ ಮುಚ್ಚಿಟ್ಟು ಏನು ಮಾಡಲಿ?

ದೇವಣಿಯ ಬಡಿಗ ಬೆಂಚು ಮಾಡಿಕೊಟ್ಟ. ತಿಕ್ಕಿ ಎಣ್ಣೆ ಕುಡಿಸುವ ಕೆಲಸ ನನ್ನದು ಎಂದೆ.

"ಅಗಸಿ ಎಣ್ಣಿ ಕಾಸಿ ತೆಳ್ಳಗ ಹಚ್ರಿ ಸಾವಕಾರ್ರಿ. ಹಚ್ಚಿದ್ದು ಒರಸಿ ತೆಗೀರಿ. ಬಿಳಿ ಅರಬಿಲೆ ತಿಕ್ಕಿದ್ರ ಕಲಿ ಬೀಳಬಾರ್ದು. ಅಲ್ಲೀತನಕ ಯಾರಿಗೂ ಕೂಡಗೊಡಬ್ಯಾಡ್ರಿ," ಎಂದು ಹೇಳಿ ಹೋದ.

ಮೂರು ದಿನ ಪಾಲಿಶ್ ಕಾಗದ ಹಿಡಿದು ತಿಕ್ಕಿದೆ. ಹಳೆಯ ಕಪ್ಪು ಹೋಗಿ ಒಳಗಿಂದ ಜೇನಿನ ಬಣ್ಣ ಬಂತು. ಅಪ್ಪನ ಅಂಕಿಗಳು ಬೆಂಚಿನ ಅಡಿಗೆ ಹೋಗಿದ್ದವು, ಅವನ್ನು ಮುಟ್ಟಲಿಲ್ಲ. ಆದರೆ ಜಯಂತಿಗೆ ಉಳಿದದ್ದು ಎರಡೇ ದಿನ, ಅಗಸೆ ಎಣ್ಣೆ ಆರಲು ವಾರ ಬೇಕು. ನನಗೋ ತಾಳ್ಮೆ ಎಂಬುದು ಹುಟ್ಟಿನಿಂದಲೇ ಇಲ್ಲ. ಟ್ರ್ಯಾಕ್ಟರ್ ಗ್ಯಾರೇಜಿನಿಂದ ಸುಟ್ಟ ಎಂಜಿನ್ ಎಣ್ಣೆ ತಂದು, ಕೂಡಲೇ ಮಿಂಚು ಬರಲೆಂದು ಅಗಸೆ ಎಣ್ಣೆಗೆ ಬೆರೆಸಿ ದಪ್ಪಗೆ ಬಳಿದೆ. ಗೆದ್ದಲು ಹತ್ತದಿರಲೆಂದು ನಮ್ಮ ಕಡೆ ಬೇಲಿಯ ಗೂಟಗಳಿಗೆ ಬಳಿಯುವ ಎಣ್ಣೆ ಅದು. ಬೆಂಚು ಮಿರಮಿರ ಮಿಂಚಿತು.

ಜಯಂತಿಯ ಬೆಳಿಗ್ಗೆ ಬಿಳಿ ಬಟ್ಟೆ ತಿಕ್ಕಿ ನೋಡಿದೆ. ಬಟ್ಟೆ ಕಪ್ಪಾಯಿತು. ಅದನ್ನು ಬೆಲ್ಲದ ಡಬ್ಬಗಳ ಹಿಂದೆ ಎಸೆದು, ಬೆಂಚನ್ನು ಬೇವಿನ ಕೆಳಗೆ ಇರಿಸಿದೆ.

ಪೇಟೆಯ ಹಿರಿಯರು ಬಿಳಿ ಧೋತರ ಉಟ್ಟು ಬಂದರು. ಒಬ್ಬರು ಬೆಂಚಿನತ್ತ ಹೊರಳಿದಾಗ ನಾನು ಓಡಿ ಅಡ್ಡ ನಿಂತೆ.

"ಅಲ್ಲಿ ಬಿಸಿಲ್ ಬರ್ತದ್ರಿ ಕಾಕಾ, ಒಳಗ ಗಾದಿ ಮ್ಯಾಗ ಕೂಡ್ರಿ," ಎಂದು ಎಲ್ಲರನ್ನೂ ಒಳಗೆ ಕರೆದೊಯ್ದೆ.

ಅಷ್ಟರಲ್ಲಿ ನಮ್ಮಲ್ಲೇ ಕಿರಾಣಿ ಕೊಳ್ಳುವ, ಪಕ್ಕದ ಹಳ್ಳಿಯ ಕುರಿ ಸಾಕುವ ಮನೆಯ ಹೆಂಗಸು ಬಂದಳು. ತಿಳಿ ಹಳದಿ ಸೀರೆ, ಟ್ರಂಕಿನಲ್ಲಿ ಬಿದ್ದ ಮಡಿಕೆಯ ಗೆರೆ ಇನ್ನೂ ಹೋಗಿರಲಿಲ್ಲ.

"ಮಗಳಿಗಿ ಉದಗೀರದಾಗ ಒಂದ್ ಹುಡುಗನ ಮನಿ ನೋಡ್ಲಾಕ ಹೊಂಟೀನ್ರಿ. ಬೀರಪ್ಪ ದೇವ್ರು ಮನಸ್ ಮಾಡಿದ್ರ ಇವತ್ತೇ ಪಕ್ಕಾ ಆಗ್ತದ. ಒಗಿಲಾಕ ನೀರಿಲ್ಲಂತ ಈ ಸೀರಿ ವರ್ಷಾತು ಉಟ್ಟಿಲ್ಲ," ಎಂದು ನಕ್ಕಳು. ನಕ್ಕು ಬೆಂಚಿನ ಮೇಲೆ ಕೂತಳು.

ಆಗ ನಾನು ಬಾಯಿ ತೆರೆಯಬೇಕಿತ್ತು. ಗಾದಿಯ ಮೇಲೆ ಹಿರಿಯರು ಅಪ್ಪನನ್ನೂ ನನ್ನನ್ನೂ ಸೇರಿಸಿ ಹೊಗಳುತ್ತಿದ್ದರು. ಧೋತರಗಳನ್ನು ಕಾಪಾಡಿದ ನಾಲಿಗೆ ಆ ಸೀರೆಗೆ ಹೊರಳಲಿಲ್ಲ. ಬಸ್ಸು ಬಂತು, ಆಕೆ ಎದ್ದಳು. ಸೀರೆಯ ಹಿಂದೆ ಎರಡು ಹಲಗೆಯ ಗುರುತು ಕಪ್ಪಗೆ ಮೂಡಿತ್ತು. ಬಸ್ಸು ತಿರುಗುವವರೆಗೂ ನಾನು ತಕ್ಕಡಿ ಒರೆಸುವ ನಾಟಕ ಮಾಡಿದೆ.

ಸಂಜೆ ಮರಳಿದಾಗ ಸೆರಗನ್ನು ಸೊಂಟಕ್ಕೆ ಸುತ್ತಿಕೊಂಡಿದ್ದಳು. ಮಡಕೆಯ ನೀರು ಕುಡಿದಳು.

"ಏನಂದ್ರು ಯಕ್ಕಾ?" ಎಂದೆ.

"ಹೇಳಿ ಕಳಸ್ತೀವಿ ಅಂದಾರ್ರಿ. ಹುಡುಗನ ಸೋದರತ್ತಿ ನನ್ನ ಸೀರಿ ನೋಡಿ ನಕ್ಕಳು. ಬಸ್ಸಿನ ಸೀಟ್ ಹೊಲಸ್ ಇತ್ತು ಕಾಣ್ತದ."

ಹೇಳಿ ಕಳಿಸುತ್ತೇವೆ ಎಂದವರು ಹೇಳಿ ಕಳಿಸುವುದಿಲ್ಲ, ನಮ್ಮ ಕಡೆ ಎಲ್ಲರಿಗೂ ಗೊತ್ತು. ಆಕೆಗೂ ಗೊತ್ತಿತ್ತು.

"ಹೂಂ, ಬಸ್ಸಿಂದೇ ಇರ್ತದ," ಎಂದೆ ನಾನು. ಇಂದಿಗೂ ಆ ಮಾತು ನೆನೆದರೆ ಮುಖ ಎಲ್ಲಿಡಬೇಕೋ ತಿಳಿಯುವುದಿಲ್ಲ.

ಆಕೆಯ ಊರಿನ ಬಸ್ಸು ಇನ್ನೂ ಬಂದಿರಲಿಲ್ಲ. ಬೆಂಚಿನವರೆಗೆ ಹೋದವಳು ನಿಂತು, ಸೀರೆಯ ಹಿಂಭಾಗ ಮುಟ್ಟಿ ನೋಡಿಕೊಂಡು, ಪಕ್ಕದ ಮಣ್ಣಿನಲ್ಲಿ ಕೂತಳು.

"ಮ್ಯಾಲ ಕೂಡು ಯಕ್ಕಾ," ಎಂದೆ.

"ಬ್ಯಾಡ್ರಿ ಸಾವಕಾರ್ರಿ. ನಿಮ್ಮಪ್ಪನ ಹೆಸರಿಂದು ಅದು. ಈ ಹೊಲಸ್ ಸೀರಿಲೆ ಕೂತ್ರ ಬೆಂಚಿಗಿ ಕಲಿ ಹತ್ತತದ."