ಥಿಯೋಡೋಸಿಯಾ ಬರೆದ ಪುಸ್ತಕ, ಡಾಕ್ಟರ ಹೆಸರು

ಬೆಳಗಿನ ಐದು ಗಂಟೆ. ನಾರ್ವಿಚ್ ಊರಾಚೆಯ ತೋಟದಲ್ಲಿ, ಐವತ್ತು ದಾಟಿದ ಥಿಯೋಡೋಸಿಯಾ ಪಿಮ್ ಮೊಣಕಾಲೂರಿ ಗುಲಾಬಿ ಬುಡದ ಬಸವನಹುಳುಗಳನ್ನು ಆಯುತ್ತಿದ್ದಾರೆ. ಬೂಟಿನಡಿಗೆ ತಾವೇ ಹೊಡೆಸಿಕೊಂಡ ಕಬ್ಬಿಣದ ಪಟ್ಟಿ. ಸಲಿಕೆ ಮೆಟ್ಟುವಾಗ ಪಾದ ನೋಯಬಾರದಲ್ಲ. ಎಂಟರವರೆಗೆ ಮಣ್ಣು, ಆಮೇಲೆ ಬರವಣಿಗೆ. ದಿನಕ್ಕೆ ಆರು ಪುಟ, ಹತ್ತೊಂಬತ್ತು ವರ್ಷಗಳಿಂದ.

ಇಪ್ಪತ್ತೆರಡನೇ ವಯಸ್ಸಿನಲ್ಲಿ ಅವರು ಬರೆದದ್ದು ಮುನ್ನೂರು ವರ್ಷ ಮುಂದಿನ ಇಂಗ್ಲೆಂಡಿನ ಕಥೆ. ಅದರಲ್ಲಿ ಉಗಿಯಂತ್ರಗಳು ತಾವೇ ಹೊಲ ಉಳುತ್ತವೆ, ಟಪಾಲು ಗಾಳಿಯಲ್ಲಿ ಹಾರುತ್ತದೆ. ಹೆಸರಿಲ್ಲದೆ ಅಚ್ಚಾದಾಗ ಪತ್ರಿಕೆಗಳು 'ಯಾರೋ ಮೇಧಾವಿ ಮಹಾಶಯರ ಕೃತಿ' ಎಂದು ಕೊಂಡಾಡಿದವು. ಬರೆದವಳು ಹೆಣ್ಣೆಂದು ತಿಳಿದ ಮರುವಾರ ಅವೇ ಪತ್ರಿಕೆಗಳಿಗೆ ಅದು ಜ್ವರದ ಬಡಬಡಿಕೆಯಾಯಿತು. ಪುಸ್ತಕದ ಒಂದಕ್ಷರವೂ ಬದಲಾಗಿರಲಿಲ್ಲ.

ಮದುವೆಯಾಗಿ ಈ ತೋಟಕ್ಕೆ ಬಂದಾಗ ಅವರಿಗೆ ಬಟಾಣಿ ಬಿತ್ತಲೂ ತಿಳಿಯದು. "ತೋಟದ ಪುಸ್ತಕ ತೆಗೆದ್ರೆ ಬರೀ ಲ್ಯಾಟಿನ್. ನಾನು ಕೊಂದ ಗಿಡಗಳೇ ನಂಗೆ ಪಾಠ ಹೇಳಿದ್ವು. ಅದನ್ನೇ ಬರ್ದೆ," ಎನ್ನುತ್ತಾರೆ. ಆ ಕೈಪಿಡಿ ಏಳು ಸಲ ಅಚ್ಚಾಯಿತು, 'ಒಬ್ಬ ಮಹಿಳೆಯಿಂದ' ಎಂಬಷ್ಟೇ ಗುರುತಿನಲ್ಲಿ.

ಈ ವಸಂತದಲ್ಲಿ, ಎಂಟನೆಯ ಮುದ್ರಣಕ್ಕಾದರೂ ತಮ್ಮ ಹೆಸರು ಹಾಕಿರೆಂದು ಕೇಳಿದರು. ಪ್ರಕಾಶಕ ರಡ್ಜ್, ಡಾಕ್ಟರ್ ವಿಲ್ಮಟ್ ಎಂಬವರ ಹೆಸರಿನ ಮುಖಪುಟ ಅಚ್ಚು ಹಾಕಿಸಿ ತಂದ. ಜೊತೆಗೆ ಆ ಡಾಕ್ಟರನ್ನೂ.

"ಅಮ್ಮಾವ್ರೇ, ತೋಟದ ಪುಸ್ತಕದ ಮೇಲೆ ಹೆಂಗಸಿನ ಹೆಸರು ಕಂಡ್ರೆ ಜನ ನಂಬಲ್ಲ. ಡಾಕ್ಟರು ಅಂದ್ರೆ ಒಂದು ತೂಕ," ಎಂದ ರಡ್ಜ್.

ಥಿಯೋಡೋಸಿಯಾ ಚಾಕು ತಂದು ಡಾಕ್ಟರ ಕೈಗಿಟ್ಟರು. "ನಲವತ್ತನೇ ಪುಟದಲ್ಲಿ ಗುಲಾಬಿಗೆ ಕಣ್ಣುಕಸಿ ಕಟ್ಟೋದಿದೆ, ಒಂದು ಗಿಡದ ಚಿಗುರುಕಣ್ಣು ಕೊಯ್ದು ಇನ್ನೊಂದಕ್ಕೆ ಕೂರ್ಸೋದು. ನಿಮ್ಮ ಪುಸ್ತಕ ತಾನೆ? ಮಾಡಿ ತೋರ್ಸಿ ಸ್ವಾಮಿ."

ಡಾಕ್ಟರು ಕಣ್ಣಿದ್ದ ತುಂಡನ್ನೇ ಬಿಸಾಕಿ, ಬೋಳು ಕಡ್ಡಿಗೆ ದಾರ ಸುತ್ತಿದರು. ರಡ್ಜ್ ಅದನ್ನು ಕಣ್ಣಾರೆ ಕಂಡ. ಆದರೂ ಪುಸ್ತಕ ಹೊರಬಂದದ್ದು ಡಾಕ್ಟರ ಹೆಸರಲ್ಲೇ. ನಾಚಿಕೆಗೂ ಒಂದು ಮುಖ ಬೇಕಲ್ಲ!

ಮರುದಿನವೇ ಥಿಯೋಡೋಸಿಯಾ ಶಾಯಿ ಕುಡಿಕೆ ಹಿಡಿದು ಪುಸ್ತಕದಂಗಡಿಗೆ ನಡೆದರು. ಅಲ್ಲಿದ್ದ ಮೂವತ್ತೊಂದು ಪ್ರತಿಗಳಲ್ಲೂ ಡಾಕ್ಟರ ಹೆಸರು ಹೊಡೆದುಹಾಕಿ ತಮ್ಮದು ಬರೆದರು. ಅಂಗಡಿಯೊಡತಿ ಮಿಸೆಸ್ ಹೆನ್ಸ್‌ಮನ್ ತಡೆಯಲಿಲ್ಲ.

"ಬರೀರಿ ಅಕ್ಕ. ನಮ್ಮನೆ ಸೇಬು ಯಾರ ಮಾತು ಕೇಳಿ ಕಾಯಿ ಬಿಡ್ತು ಅಂತ ನಂಗೊತ್ತು," ಎಂದು ಮುಂದಿನ ಪ್ರತಿ ತೆರೆದು ಹಿಡಿದರು.

ಈಗ ರಡ್ಜ್ ಕೋರ್ಟಿಗೆ ಎಳೆಯುತ್ತೇನೆಂದು ಪತ್ರ ಬರೆದಿದ್ದಾನೆ. ಹೆದರಿಕೆಯಿಲ್ಲವೇ ಎಂದರೆ, ಅವರು ಕೈಯ ಮಣ್ಣನ್ನು ಏಪ್ರನ್ನಿಗೆ ಒರೆಸಿಕೊಳ್ಳುತ್ತಾರೆ.

"ಎಳೀಲಿ. ಅಲ್ಲಾದ್ರೂ ನನ್ನ ಹೆಸರನ್ನ ಪೂರ್ತಿ ಕೂಗಿ ಕರೀಲೇಬೇಕಲ್ಲ."