ಬೀಗರ ಮನೆಗೆ ಹೊರಟ ಬಾಳೆಮೀನು

ನಾನು ಹುಟ್ಟಿ ಬೆಳೆದದ್ದು ಬಳ್ಳಾರಿಯ ಕೋಟೆಗುಡ್ಡದ ಬುಡದಲ್ಲಿ. ಬೇಸಿಗೆ ಬಂತೆಂದರೆ ಬಂಡೆ ಕಾದು ನಮ್ಮ ಓಣಿಯವರೆಲ್ಲ ಒಲೆಯ ಮುಂದೆ ಕೂತವರ ಹಾಗಿರುತ್ತಿದ್ದೆವು. ಬಾವಿಯ ತಳದಲ್ಲಿ ಉಳಿದ ನೀರಿಗೆ ಹೆಂಗಸರು ಕೊಡ ಸಾಲಾಗಿಟ್ಟು ಕಾಯುತ್ತಿದ್ದರು. ಜಾತಿಯಿಂದ ನಾವು ಅಂಬಿಗರೇ, ಆದರೆ ನಮ್ಮಪ್ಪ ಹತ್ತಿ ಅಂಡಿಗೆಗಳನ್ನು ಬಂಡಿಯಲ್ಲಿ ಸಾಗಿಸುತ್ತಿದ್ದವನು. ಅವನು ದೋಣಿಯ ಹುಟ್ಟು ಹಿಡಿದು ಕಂಡವನಲ್ಲ. ಸ್ವಾತಂತ್ರ್ಯ ಬಂದ ಮರು ಬೇಸಿಗೆ ನನ್ನನ್ನು ಸಿರುಗುಪ್ಪಕ್ಕೆ ಕೊಟ್ಟರು. ಗಂಡನ ಮನೆಯ ಹಿತ್ತಲಿಗೆ ಹೋಗಿ ನಿಂತಾಗ ತುಂಗಭದ್ರೆ ಕಂಡಳು. ಇಷ್ಟು ನೀರು ಯಾರೂ ಕಾವಲಿಲ್ಲದೆ ಸುಮ್ಮನೆ ಹರಿದು ಹೋಗುತ್ತಿದೆಯಲ್ಲ ಎಂದು ನನಗೆ ಮೊದಲು ಗಾಬರಿಯೇ ಆಯಿತು.

ನಮ್ಮ ಮಾವ ಹರಿಗೋಲು ಹಾಕುತ್ತಿದ್ದರು. ಆಚೆ ದಡ ಆಗಿನ್ನೂ ನಿಜಾಮರ ಸೀಮೆ. ಸಂತೆಗೆ ಬರುವವರು, ನಂಟರ ಮನೆಗೆ ಹೋಗುವವರು, ಆಡು ಕುರಿ, ಜೋಳದ ಚೀಲ ಎಲ್ಲವೂ ಅವರ ಹರಿಗೋಲಿನಲ್ಲೇ ಹೊಳೆ ದಾಟುತ್ತಿದ್ದವು. ಬಲೆ ಬೀಸಿ ಮೀನು ಹಿಡಿಯುವವರು ಓಣಿಯಲ್ಲಿ ಬಹಳ ಮಂದಿ ಇದ್ದರು. ಭರ್ಚಿ ಹಿಡಿದು ಮಡುವಿನೊಳಗೆ ಮುಳುಗಿ ದೊಡ್ಡ ಮೀನು ಚುಚ್ಚುವವರು ಮಾತ್ರ ನಮ್ಮ ಮಾವ ಒಬ್ಬರೇ ಉಳಿದಿದ್ದರು.

ಅದು ಬೇಸಿಗೆಯ ಬೇಟೆ. ಹೊಳೆ ಇಳಿದು, ನೀರು ತಿಳಿಯಾಗಿ, ಅಲ್ಲಲ್ಲಿ ಆಳವಾದ ಮಡುಗಳು ಉಳಿದಾಗ ದೊಡ್ಡ ಬಾಳೆಮೀನುಗಳು ಬಂಡೆಯ ಸಂದಿ ಸೇರುತ್ತಿದ್ದವು. ಹೊಳೆ ನೋಡದವರಿಗೆ ಹೇಳಬೇಕೆಂದರೆ, ಬಾಳೆಮೀನಿಗೆ ಹುರುಪೆ ಇರುವುದಿಲ್ಲ. ಬಾಳೆಎಲೆಯ ಹಾಗೆ ಉದ್ದಕ್ಕೆ ನುಣ್ಣಗೆ ಮೈ, ಮೂತಿಗೆ ಮೀಸೆ, ನಾಯಿಯ ಬಾಯಿಗಿಂತ ಅಗಲವಾದ ಬಾಯಿ, ಅದರ ತುಂಬ ಗರಗಸದಂಥ ಹಲ್ಲು. ಮಾವನ ಭರ್ಚಿಗೆ ಬಿದಿರಿನ ಹಿಡಿ, ಕಮ್ಮಾರ ಬಡಿದುಕೊಟ್ಟ ಕೊಕ್ಕೆಯ ಮೊನೆ. ಹಿಡಿಗೆ ಪುಂಡಿನಾರಿನ ಹಗ್ಗ ಕಟ್ಟಿ, ಹಗ್ಗದ ಇನ್ನೊಂದು ತುದಿಗೆ ಒಣಗಿದ ಸೋರೆಬುರುಡೆ ಕಟ್ಟುತ್ತಿದ್ದರು. ಮೀನಿಗೆ ಚುಚ್ಚಿದ ಕೂಡಲೇ ಭರ್ಚಿ ಬಿಟ್ಟುಬಿಡಬೇಕು. ಮೀನು ಭರ್ಚಿಯನ್ನು ಎಳೆದುಕೊಂಡು ಓಡುತ್ತದೆ, ನೀರಿನ ಮೇಲೆ ಬುರುಡೆ ಅದರ ಹಿಂದೆ ಓಡುತ್ತದೆ. ಹರಿಗೋಲಿನಲ್ಲಿ ಇದ್ದವರು ಬುರುಡೆಯ ಬೆನ್ನು ಹತ್ತಬೇಕು.

ಹರಿಗೋಲಿನಲ್ಲಿ ಇರುತ್ತಿದ್ದವರು ನಮ್ಮ ಅತ್ತೆ. ಮದುವೆಯಾದ ವರ್ಷದಿಂದ ಅವರೇ ಹುಟ್ಟು ಹಾಕುತ್ತಿದ್ದರಂತೆ. ಮಗನನ್ನು ಹಡೆದ ಬೇಸಿಗೆಯೂ ಕೂಸನ್ನು ದಡದ ಜಾಲಿಮರಕ್ಕೆ ಜೋಲಿ ಕಟ್ಟಿ ಮಲಗಿಸಿ ಮಡುವಿಗೆ ಇಳಿದವರು. ನಾನು ಹೋಗುವ ಹೊತ್ತಿಗೆ ಅವರ ಕಣ್ಣಿಗೆ ಪೊರೆ ಬರತೊಡಗಿತ್ತು. ಮಗ, ಅಂದರೆ ನನ್ನ ಗಂಡ, ಹೊಸಪೇಟೆಯ ಕಡೆ ಅಣೆಕಟ್ಟಿನ ಕೆಲಸಕ್ಕೆ ಹೋಗಿ ಹಬ್ಬಕ್ಕೋ ಹುಣ್ಣಿಮೆಗೋ ಬಂದು ಹೋಗುತ್ತಿದ್ದರು. ಹೀಗಾಗಿ ಭರ್ಚಿ ಜಂತಿಗೆ ಸಿಕ್ಕಿಸಿದ್ದು ಹಾಗೇ ಇತ್ತು.

ಅದನ್ನು ಇಳಿಸುವ ಹಾಗೆ ಮಾಡಿದ್ದು ನಾದಿನಿಯ ಮದುವೆ. ಕುರುಗೋಡಿನ ಹುಡುಗ. ನಮ್ಮವರೇ, ಆದರೆ ಅಜ್ಜನ ಕಾಲದಿಂದ ಹೊಲ ಹಿಡಿದು ಹೊಳೆ ಮರೆತವರು. ನಿಶ್ಚಯದ ದಿನ ವೀಳ್ಯ ಹಾಕಿಕೊಳ್ಳುತ್ತ ಹುಡುಗನ ಅಪ್ಪ ನಗೆಚಾಟಿಕೆಗೆ ಕೇಳಿದರು.

"ಬೀಗರೂಟಕ್ಕ ಕುರಿ ಕಡಿಯೋದೋ ಏನು ಮೀನು ತರ್ತೀರೋ? ನಿಮ್ಮ ಹೊಳಿ ಮೀನು ನೋಡೀವಿ ಬಿಡ್ರಿ, ಬೆರಳಿನಷ್ಟು ಇರ್ತಾವು. ನಮ್ಮ ಮಂದಿಗಿ ಹಲ್ಲಿಗೂ ಹತ್ತಂಗಿಲ್ಲ."

ಎಲ್ಲರೂ ನಕ್ಕರು. ಮಾವನೂ ನಕ್ಕರು. ಆಮೇಲೆ ಮೆಲ್ಲಗೆ, "ಒಂದೇ ಮೀನು ತರ್ತೀನಿ ಬೀಗರ. ಕುದಿಸಾಕ ಕೊಪ್ಪರಿಗಿ ನೀವು ನೋಡಿಡ್ರಿ" ಎಂದರು. ಬಾಗಿಲ ಹಿಂದೆ ನಿಂತಿದ್ದ ಅತ್ತೆ ನನ್ನ ಕೈ ಹಿಡಿದು ಒತ್ತಿದರು. ಯಾಕೆ ಒತ್ತಿದರು ಎಂದು ಮರುದಿನ ಗೊತ್ತಾಯಿತು. ಬೆಳಕು ಹರಿಯುತ್ತಲೇ ನನ್ನನ್ನು ಹೊಳೆಗೆ ಕರೆದೊಯ್ದು ಹರಿಗೋಲಿನಲ್ಲಿ ಕೂರಿಸಿ ಕೈಗೆ ಹುಟ್ಟು ಕೊಟ್ಟರು.

ಹರಿಗೋಲು ದುಂಡಗಿನ ಬುಟ್ಟಿ. ಎತ್ತ ಹುಟ್ಟು ಹಾಕಿದರೂ ಗಿರಗಿರ ತಿರುಗುತ್ತದೆಯೇ ಹೊರತು ಮುಂದೆ ಹೋಗುವುದಿಲ್ಲ. ಬಟ್ಟೆ ಒಗೆಯಲು ಬಂದ ಹೆಂಗಸರು ಕೈ ಕೆಲಸ ಬಿಟ್ಟು ನನ್ನನ್ನು ನೋಡುತ್ತ ನಿಲ್ಲುತ್ತಿದ್ದರು. "ಬಳ್ಳಾರಿ ಸೊಸಿ ರಾಗಿಕಲ್ಲು ಬೀಸಾಕ ಹತ್ಯಾಳ" ಎಂದು ಒಬ್ಬಾಕೆ ಅಂದದ್ದು ಓಣಿಯಲ್ಲಿ ಬಹಳ ದಿನ ಓಡಾಡಿತು. ಅತ್ತೆ ಮೊಳಕಾಲುದ್ದ ನೀರಿನಲ್ಲಿ ನಿಂತು ಹುಟ್ಟಿನ ಸಪ್ಪಳ ಕೇಳಿಯೇ ತಿದ್ದುತ್ತಿದ್ದರು. "ನೀರು ಹೊಡೀಬ್ಯಾಡ. ನಿನ್ನ ಕಡಿಗಿ ಎಳ್ಕೋ, ರೊಟ್ಟಿ ಹಿಟ್ಟು ಎಳ್ಕೊಂಡಂಗ." ಆ ಮಾತು ತಲೆಗೆ ಹೋಯಿತು. ಮದುವೆಯ ಹಂದರ ಹಾಕುವ ಹೊತ್ತಿಗೆ ನಾನು ಒಬ್ಬಳೇ ಮಡು ಸುತ್ತಿ ಬರುವಷ್ಟು ಕಲಿತಿದ್ದೆ.

ಮದುವೆ ನಮ್ಮ ಮನೆಯಲ್ಲಾಯಿತು. ನಾದಿನಿ ಕುರುಗೋಡಿಗೆ ಹೋದಳು, ನನ್ನ ಗಂಡ ಅಣೆಕಟ್ಟಿನ ಕೆಲಸಕ್ಕೆ ಮರಳಿದರು. ಮುಂದಿನ ಭಾನುವಾರ ಅಲ್ಲಿ ಬೀಗರೂಟ. ಅಷ್ಟರೊಳಗೆ ಮೀನು ಬೇಕು.

ಇಲ್ಲಿ ಒಂದು ಮಾತು ಹೇಳಬೇಕು. ಆ ಕಾಲದಲ್ಲಿ ಸೊಸೆ ಮಾವನ ಜೊತೆ ನೇರ ಮಾತಾಡುವ ರೂಢಿ ಇರಲಿಲ್ಲ. ಊಟಕ್ಕೆ ಕರೆಯಬೇಕಾದರೂ ಅತ್ತೆಗೆ ಹೇಳುವ ಹಾಗೆ ಹೇಳಬೇಕು, ಅವರು ಕೇಳಿಸಿಕೊಂಡು ಏಳಬೇಕು. ಎರಡು ವರ್ಷ ಒಂದೇ ಸೂರಿನ ಕೆಳಗೆ ಇದ್ದರೂ ನಾನು ಅವರಿಗೆ ಒಂದು ಮಾತು ಆಡಿರಲಿಲ್ಲ. ಈಗ ಒಂದು ಬುಟ್ಟಿಯಲ್ಲಿ ಇಬ್ಬರೇ. ನಾನು ಸೆರಗು ಹೊದ್ದು, ಮುಖ ಆಚೆ ಮಾಡಿ ಹುಟ್ಟು ಹಾಕುತ್ತಿದ್ದೆ. ಅವರು ಎಲ್ಲಿಗೆ ಹೋಗಬೇಕೋ ಅತ್ತ ಕೈ ತೋರಿಸುತ್ತಿದ್ದರು.

ಮೊದಲ ಬೆಳಗುಗಳು ಬರಿದೇ ಹೋದವು. ಮಾವ ಮೈಗೆ ಔಡಲ ಎಣ್ಣೆ ತೀಡಿಕೊಂಡು ಮುಳುಗುವರು, ಏಳುವರು, ತಲೆ ಅಲ್ಲಾಡಿಸುವರು. ಶುಕ್ರವಾರ ಅವರ ಮುಖದಲ್ಲಿ ಚಿಂತೆ ಕಂಡಿತು. ವಯಸ್ಸಾಗಿತ್ತು, ಮೊದಲಿನ ದಮ್ಮು ಇಲ್ಲವೆಂದು ಅವರೇ ಅತ್ತೆಯ ಹತ್ತಿರ ಹೇಳುತ್ತಿದ್ದುದನ್ನು ಕೇಳಿದ್ದೆ.

ಶನಿವಾರ ಊರ ಕೆಳಗಿನ ದೊಡ್ಡ ಮಡುವಿಗೆ ಹೋದೆವು. ಹೊರಡುವಾಗ ಅತ್ತೆ ನನಗೊಂದು ಮಾತು ಹೇಳಿ ಕಳಿಸಿದರು. "ಅವ್ರ ಕಡಿಗಿ ನೋಡಬ್ಯಾಡ. ಬುರುಡಿ ನೋಡು. ಅವ್ರು ತಾವಾಗೇ ಮ್ಯಾಲ ಬರ್ತಾರ."

ಮಾವ ಮುಳುಗಿದರು. ಸ್ವಲ್ಪ ಹೊತ್ತಿಗೆ ಹರಿಗೋಲಿನ ಅಂಚಿನಲ್ಲಿ ತೇಲುತ್ತಿದ್ದ ಬುರುಡೆ ಯಾರೋ ಒದ್ದ ಹಾಗೆ ಎಗರಿತು. ಎಗರಿದ್ದೇ ಮಡುವಿನ ನಡುವಿಗೆ ಓಡತೊಡಗಿತು. ನಾನು ಬೆನ್ನು ಹತ್ತಿದೆ. ಹಿಂದೆ ಮಾವ ಎದ್ದ ಸಪ್ಪಳವೇ ಇಲ್ಲ. ತಿರುಗಿ ನೋಡಬೇಕು ಎಂದು ಜೀವ ಹೊಡೆದುಕೊಳ್ಳುತ್ತಿತ್ತು. ಅತ್ತೆಯ ಮಾತು ನೆನೆದು ನೋಡಲಿಲ್ಲ. ಬುರುಡೆ ಒಮ್ಮೆ ಪೂರಾ ಮುಳುಗಿ ಒಂದು ಬಂಡೆಯ ಆಚೆ ಎದ್ದಿತು. ಆಗ ಹಿಂದಿನಿಂದ ಕೆಮ್ಮು ಕೇಳಿಸಿತು. ಮಾವ ಎದ್ದಿದ್ದರು. ಎದುರು ಬಿಸಿಲಿಗೆ ಕಣ್ಣು ಕಿರಿದು ಮಾಡಿ ನೀರಿನ ಮೇಲೆಲ್ಲ ಹುಡುಕುತ್ತಿದ್ದರು. ಬುರುಡೆ ಅವರಿಗೆ ಕಾಣುತ್ತಿರಲಿಲ್ಲ.

"ಮಾವಾ, ಎಡಕ್ಕ ಐತ್ರಿ. ಆ ಕರೀ ಬಂಡಿ ಹಿಂದ" ಎಂದು ಕೂಗಿದೆ.

ಮಾತು ಆಡಿದ್ದೇನೆ ಎಂದು ನನಗೆ ಗೊತ್ತಾದದ್ದು ಆಡಿದ ಮೇಲೆ. ಅವರಿಗೆ ಅದರ ಎಚ್ಚರವೇ ಇದ್ದಂತೆ ಕಾಣಲಿಲ್ಲ. ಈಜಿ ಬಂದು ಹರಿಗೋಲು ಹತ್ತಿದರು. ಬಂಡೆಗೆ ಉಜ್ಜಿ ಹೆಗಲು ಕಿತ್ತು ರಕ್ತ ಇಳಿಯುತ್ತಿತ್ತು. "ದೊಡ್ಡದೈತಿ. ಹಾಕವ್ವಾ, ಜೋರು ಹಾಕು" ಎಂದರು. ಬುರುಡೆ ಕೈಗೆ ಸಿಕ್ಕಿತು. ಅವರು ಹಗ್ಗ ಹಿಡಿದದ್ದೇ ಹರಿಗೋಲು ತನ್ನಷ್ಟಕ್ಕೆ ಹೊರಟಿತು. ಹುಟ್ಟಿಲ್ಲದೆ, ಗಾಳಿಯಿಲ್ಲದೆ, ನೀರೊಳಗಿನ ಒಂದು ಜೀವ ನಮ್ಮಿಬ್ಬರನ್ನು ಎಳೆದುಕೊಂಡು ಹೋಗುತ್ತಿತ್ತು. ನನಗೆ ಹೆದರಿಕೆಯೂ ಆಯಿತು, ಹೇಳಲು ನಾಚಿಕೆಯಾಗುವಷ್ಟು ಖುಷಿಯೂ ಆಯಿತು.

ಮಡು ಮುಗಿದು ಬಂಡೆಗಳ ನಡುವೆ ನೀರು ಧುಮುಕುವ ಜಾಗ ಹತ್ತಿರ ಬಂದಿತ್ತು. ಅಲ್ಲಿ ಹಗ್ಗ ಅಡಿಯ ಕಲ್ಲಿಗೆ ಸಿಕ್ಕಿಕೊಂಡಿತು. ಮೀನು ಇನ್ನಷ್ಟು ಜಗ್ಗಿದರೆ ನಾರು ಕೊಯ್ದು ಹೋಗುತ್ತದೆ. ಮಾವ ಹಗ್ಗವನ್ನು ನನ್ನ ಕೈಗೆ ಕೊಟ್ಟರು.

"ನಾ ಇಳಿದು ಬಿಡಿಸ್ತೀನಿ. ಬಿಡಿಸಿದ ಕೂಡ್ಲೇ ಜಗ್ಗುತೈತಿ. ಬಿಡಬ್ಯಾಡ."

"ಹ್ಞೂಂ ರೀ" ಎಂದೆ.

ಹರಿಗೋಲಿನ ಬೆತ್ತಕ್ಕೆ ಮೊಳಕಾಲು ಒತ್ತಿ, ಹಗ್ಗವನ್ನು ಮುಂಗೈಗೆ ಸುತ್ತಿಕೊಂಡು ಕೂತೆ. ಕೆಳಗೆ ಅವರ ಬೆನ್ನು ಬೆಳ್ಳಗೆ ಕಂಡು ಮರೆಯಾಯಿತು. ಹಗ್ಗ ಸಡಿಲವಾಯಿತು. ಮೀನು ಹೋಯಿತು ಅಂದುಕೊಂಡೆ. ಅಷ್ಟರಲ್ಲಿ ತೋಳು ಕಿತ್ತು ಬರುವ ಹಾಗೆ ಜಗ್ಗಿತು. ಹರಿಗೋಲು ಒಂದು ಪಕ್ಕಕ್ಕೆ ವಾಲಿ ನೀರು ಒಳಗೆ ಬಂತು. ಅಂಗೈ ಚರ್ಮ ಸುಲಿಯುವುದು ಗೊತ್ತಾಗುತ್ತಿತ್ತು. ಸೆರಗು ಎಲ್ಲಿ ಜಾರಿತ್ತೋ. ಮಾವ ಎದ್ದು ಬಂದು ಹರಿಗೋಲಿನ ಅಂಚು ಹಿಡಿದಾಗ ನಾನು ಅಳುತ್ತಿದ್ದೆ. ಆದರೆ ಹಗ್ಗ ಕೈಯಲ್ಲೇ ಇತ್ತು.

ಆಮೇಲೆ ಬಹಳ ಹೊತ್ತು ಅದನ್ನು ಮರಳಿನ ದಂಡೆಯ ಕಡೆಗೆ ಎಳೆದೆವು. ಅದು ಜಗ್ಗಿದಾಗ ಬಿಟ್ಟು, ಸುಮ್ಮನಾದಾಗ ಎಳೆದು. ಕೊನೆಗೆ ತೆಳು ನೀರಿನಲ್ಲಿ ಅದರ ಬೆನ್ನು ಎದ್ದಿತು. ಬೂದು ಹಸಿರು ಬೆನ್ನು, ಬೆಳ್ಳಿಯಂಥ ಹೊಟ್ಟೆ. ಪಕ್ಕದಲ್ಲಿ ಮಲಗಿದ್ದರೆ ನಾನೇ ಗಿಡ್ಡ ಆಗುತ್ತಿದ್ದೆ. ಮಾವ ಮೊಳಕಾಲೂರಿ ಕೂತು ಬೊಗಸೆಯಲ್ಲಿ ನೀರು ತೆಗೆದು ಅದರ ತಲೆಯ ಮೇಲೆ ಸುರಿದರು. ಹೊಳೆಗೆ ಕೈ ಮುಗಿದರು. 

ಮೀನು ಕೆಡದಿರಲೆಂದು ದವಡೆಗೆ ಹಗ್ಗ ಪೋಣಿಸಿ ಮರುದಿನ ಬೆಳಗಿನವರೆಗೆ ದಡದ ನೀರಿನಲ್ಲೇ ಜೀವಂತ ಕಟ್ಟಿದ್ದರು. ಕೊಂದ ಮೇಲೆ ತೊಯ್ದ ಗೋಣಿತಾಟು ಸುತ್ತಿ, ಸಿರಿಗೇರಿಯ ಮೇಲೆ ಹಾಯ್ದು ಕುರುಗೋಡಿಗೆ ಹೋಗುವ ಮೋಟಾರಿಗೆ ಅತ್ತೆ, ಮಾವ, ನಾನು ಮೂವರೂ ಒಯ್ದೆವು. ಕಂಡಕ್ಟರ್ ಗೋಣಿ ಎತ್ತಿ ನೋಡಿ ಹಿಂದೆ ಸರಿದ.

"ಇದೇನು ಸಾಮಾನೇನ್ರಿ, ಮನಿಷ್ಯಾನೇನ್ರಿ?"

"ಬೀಗರ ಮನಿಗಿ ಹೊಂಟೈತ್ರಿ" ಎಂದರು ಮಾವ.

ಅದನ್ನು ಮೋಟಾರಿನ ಮೇಲೆ ಹೊರೆಗಳ ನಡುವೆ ಮಲಗಿಸಿದರು. ಬಾಲ ಹಿಂದಿನ ಕಿಟಕಿಯವರೆಗೆ ಇಳಿಬಿದ್ದಿತ್ತು. ಸಿರಿಗೇರಿಯಲ್ಲಿ ಮೋಟಾರು ನಿಂತಾಗ ಚಹಾ ಕುಡಿಯುತ್ತಿದ್ದ ಮಂದಿಯೆಲ್ಲ ಸುತ್ತ ನೆರೆದರು. ಒಬ್ಬ ಮುದುಕ ಅದರ ಬಾಲ ಮುಟ್ಟಿ ಕೈ ಕಣ್ಣಿಗೆ ಒತ್ತಿಕೊಂಡ. "ಎಂತ ಚಾಪ ರಾ ನಾಯ್ನಾ" ಎಂದು, ಎಷ್ಟು ದೊಡ್ಡ ಮೀನಪ್ಪಾ ಅಂತ, ಇನ್ನೊಬ್ಬ ತೆಲುಗಿನಲ್ಲಿ ತನ್ನಷ್ಟಕ್ಕೆ ಹೇಳಿಕೊಂಡ.

ಕುರುಗೋಡಿನಲ್ಲಿ ಬೀಗರು ಅಂಗಳದಲ್ಲೇ ನಿಂತಿದ್ದರು. ಗೋಣಿ ಬಿಚ್ಚಿದಾಗ ಮೀನಿಗೆ ಒಂದು ಸುತ್ತು ಬಂದು ನೋಡಿದರು. ಇಡಲು ಅಷ್ಟು ದೊಡ್ಡ ಪಾತ್ರೆ ಇರಲಿಲ್ಲ. ದನದ ಮನೆಯ ಕದ ಕಿತ್ತು ತಂದು ಅದರ ಮೇಲೆ ಮಲಗಿಸಿದರು. ಬೀಗರು ಮಾವನ ಕೈ ಹಿಡಿದುಕೊಂಡು, "ನಾ ಅಂದದ್ದು ಮನಸಿಗಿ ಹಚ್ಕೊಂಡು ಈ ವಯಸಿನ್ಯಾಗ ನೀರಿಗಿ ಬಿದ್ದಿರಲ್ಲ ಬೀಗರ" ಎಂದರು. 

ಮಾವ ತಲೆ ಅಲ್ಲಾಡಿಸಿದರು. ಆಮೇಲೆ ಅಂಗಳ ತುಂಬ ನೆರೆದ ಗಂಡಸರ ಎದುರು, ನನ್ನ ಕಡೆ ಕೈ ಮಾಡಿ, "ನಾ ಬರೇ ಚುಚ್ಚೀನಿ. ಹಿಡಿದಾಕಿ ನಮ್ಮ ಸೊಸಿ" ಎಂದರು. ನಾನು ಕಂಬದ ಮರೆಗೆ ಸರಿದೆ. ಬಟ್ಟೆ ಸುತ್ತಿದ ಅಂಗೈಗಳನ್ನು ಎಲ್ಲಿ ಬಚ್ಚಿಡಬೇಕೋ ತಿಳಿಯಲಿಲ್ಲ. ನಾದಿನಿ ಓಡಿ ಬಂದು ಅವನ್ನು ತನ್ನ ಕೈಯಲ್ಲಿ ಹಿಡಿದುಕೊಂಡಳು.

ಕೊಯ್ಯುವ ಮೊದಲು ಅತ್ತೆ ಕದದ ಹತ್ತಿರ ಬಂದು ಕೂತರು. ಮೂತಿಯಿಂದ ಬಾಲದವರೆಗೆ ಅಂಗೈ ಆಡಿಸುತ್ತ ಬಂದರು. ಮೀಸೆ, ಕಿವಿರು, ಭರ್ಚಿಯ ಗಾಯ, ಎಲ್ಲ ಮುಟ್ಟಿದರು. ಮತ್ತೆ ಮಾವನ ಕಡೆ ಮುಖ ಮಾಡಿ, "ಪ್ಲೇಗು ಬಂದ ವರ್ಷ ನಾವಿಬ್ರೂ ಹಿಡಿದಿದ್ವಲ್ಲ, ಅದಕ್ಕಿಂತ ದೊಡ್ಡದೈತೇನು?" ಎಂದು ಕೇಳಿದರು.

"ಇಲ್ಲ. ಅದರ ಮುಂದ ಇದು ಸಣ್ಣದು" ಎಂದರು ಮಾವ.

ಅತ್ತೆ ಎದ್ದರು. ಒಳಗೆ ಬಂದು ಮೆಣಸಿನಕಾಯಿ ಕುಟ್ಟುತ್ತಿದ್ದ ನನ್ನ ಪಕ್ಕ ಕೂತು, "ಸುಳ್ಳು ಹೇಳ್ತಾರ" ಎಂದು ನಕ್ಕರು. ಅಷ್ಟು ಚೆಂದವಾಗಿ ಅವರು ನಕ್ಕದ್ದನ್ನು ನಾನು ಮತ್ತೆ ಕಂಡದ್ದಿಲ್ಲ. ಹುಣಸೆಹುಳಿ ಹಿಂಡಿದ ಆ ಸಾರನ್ನು ಓಣಿಗೆ ಓಣಿಯೇ ಉಂಡಿತು.

ಅದರ ಮರು ಬೇಸಿಗೆಯೂ ಮಾವ ಮತ್ತು ನಾನು ಮಡುವಿಗೆ ಹೋದೆವು. ಸಣ್ಣವು ಸಿಕ್ಕವು. ಅಷ್ಟರಲ್ಲಿ ಮೇಲೆ ಅಣೆಕಟ್ಟು ಎದ್ದು ನಿಂತಿತು. ಕಟ್ಟುವ ಕೈಗಳಲ್ಲಿ ನನ್ನ ಗಂಡನ ಕೈಯೂ ಇದ್ದುದರಿಂದ ಮನೆಯಲ್ಲಿ ಯಾರೂ ಅದನ್ನು ಬೈಯುವ ಹಾಗಿರಲಿಲ್ಲ. ಕಾಲುವೆ ಬರುತ್ತದೆ, ಭತ್ತ ಬೆಳೆಯುತ್ತದೆ ಎಂದು ಊರೇ ಕಾಯುತ್ತಿತ್ತು. ನೀರು ನಿಲ್ಲಿಸಿದ ಬೇಸಿಗೆ ಹೊಳೆ ಬಡವಾಯಿತು. ದೊಡ್ಡ ಮಡು ಸೊಂಟದವರೆಗೆ ಇಳಿಯಿತು. ಹರಿಗೋಲಿಲ್ಲದೆ ಇಬ್ಬರೂ ನಡೆದೇ ಹೋಗಿ ಅದರ ನಡುವಿನ ಕರೀ ಬಂಡೆ ಮುಟ್ಟಿ ಬಂದೆವು. ಮಾವ ಅದರ ಬುಡದ ಸಂದಿಯೊಳಗೆ ಬಗ್ಗಿ ನೋಡಿ, "ಇಲ್ಲೇ ಇರ್ತಿದ್ವು" ಎಂದರು, ಅಷ್ಟೇ.

ಆಮೇಲೆ ಅವರು ಹೊಳೆಯ ಮರಳಿನಲ್ಲಿ ಗುಣಿ ತೋಡಿ, ಕುರಿಗೊಬ್ಬರ ಹಾಕಿ ಕಲ್ಲಂಗಡಿ ಬೀಜ ಊರಿದರು. ಬಳ್ಳಿ ಹಬ್ಬಿತು. ನನ್ನ ಗಂಡನಿಗೆ ಬಳ್ಳಾರಿಯಲ್ಲಿ ಕೆಲಸ ಸಿಕ್ಕು ನಾವು ಹೊರಡುವ ತನಕ, ಬುತ್ತಿ ಒಯ್ಯುವ ಕೆಲಸ ನನ್ನದೇ. ಮಧ್ಯಾಹ್ನ ಅತ್ತೆಯ ಕೈ ಹಿಡಿದು ಮರಳಿಗೆ ಇಳಿಯುತ್ತಿದ್ದೆ. ಮಾವ ತೊಯ್ದ ಮರಳಿನಲ್ಲಿ ಹೂತಿಟ್ಟ ಹಣ್ಣು ತೆಗೆದು, ಮೊಳಕಾಲಿಗೆ ಬಡಿದು ಒಡೆದು, ನಡುವಿನ ಕೆಂಪು ತಿರುಳನ್ನು ಮೊದಲು ಅತ್ತೆಗೆ, ಆಮೇಲೆ ನನಗೆ ಕೊಡುತ್ತಿದ್ದರು. ಮೂವರೂ ಆ ಬಿಸಿಲಿನಲ್ಲಿ ಬೀಜ ಉಗುಳುತ್ತ, ಮೀನಿನ ಮಾತೆತ್ತದೆ, ಹಣ್ಣು ತಿನ್ನುತ್ತ ಕೂತಿರುತ್ತಿದ್ದೆವು.