ಬಾನೆಟ್ಟಿನ ಕೆಳಗಿನ ಭಕ್ತಿ

ಎರಡು ಸಾವಿರದ ಇನ್ನೂರು ರೂಪಾಯಿ, ಬಲಗೈಯ ಮೂರು ಗೆಣ್ಣುಗಳ ಚರ್ಮ ಮತ್ತು ಪೂರ್ತಿ ಒಂದು ಭಾನುವಾರ: ನಮ್ಮ ಹಳೆಯ ಕಾರಿನ ಆಕ್ಸಿಜನ್ ಸೆನ್ಸಾರನ್ನು ಮನೆಯಲ್ಲೇ ಬದಲಾಯಿಸಿದ್ದಕ್ಕೆ ನನಗೆ ತಗುಲಿದ ವೆಚ್ಚ ಇಷ್ಟು. ಇದಕ್ಕೆಲ್ಲ ಕಾರಣ ಡ್ಯಾಶ್‌ಬೋರ್ಡಿನಲ್ಲಿ ಕಡಲೆಬೀಜದಷ್ಟು ಗಾತ್ರದ ಒಂದು ಹಳದಿ ದೀಪ. ದಸರೆ ಕಳೆದ ವಾರಕ್ಕೇ ಹೊತ್ತಿಕೊಂಡದ್ದು ಆರುವ ಮಾತೇ ಇಲ್ಲ. ಮನೆಯಲ್ಲಿ ನಂದಾದೀಪ ಇರಬೇಕೆಂದು ಹಿರಿಯರು ಹೇಳಿದ್ದಾರೆ, ನಿಜ. ಕಾರಿನಲ್ಲಿ ಇರಬೇಕೆಂದು ಹೇಳಿದ್ದು ನನಗೆ ಗೊತ್ತಿಲ್ಲ.

ಎಂಜಿನ್ ಬಿಡುವ ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಎಂದು ಮೂಸಿ ನೋಡಿ ಮೇಲಿನವರಿಗೆ, ಅಂದರೆ ಎಂಜಿನ್ನಿನ ಕಂಪ್ಯೂಟರಿಗೆ, ಚಾಡಿ ಹೇಳುವುದೇ ಈ ಸೆನ್ಸಾರಿನ ಕಸುಬು. ಚಾಡಿ ನಿಂತರೆ ಪೆಟ್ರೋಲು ಪೋಲು, ಹೊಗೆ ದಟ್ಟ. ಬೇರೆ ಕಾಲವಾಗಿದ್ದರೆ ಆ ದೀಪದ ಮೇಲೊಂದು ಸ್ಟಿಕ್ಕರ್ ಬಿಂದಿ ಅಂಟಿಸಿ ಸುಮ್ಮನಾಗುತ್ತಿದ್ದೆ. ಆದರೆ ಕಾರಿಗೆ ಹದಿನೈದು ವರ್ಷ ತುಂಬಿ, ಸೋಮವಾರ ನೋಂದಣಿ ನವೀಕರಣದ ತಪಾಸಣೆಯಿತ್ತು. ಹೊಗೆ ಪರೀಕ್ಷೆಯಲ್ಲಿ ಅದಾಗಲೇ ಒಮ್ಮೆ ನಪಾಸಾಗಿತ್ತು. ಇನ್ನೊಮ್ಮೆ ನಪಾಸಾದರೆ ಗುಜರಿಗೆ ಹಾಕುವುದೆಂದು ನಾನೇ ಘೋಷಿಸಿದ್ದೆ.

ಘೋಷಿಸುವುದೇನೋ ಸುಲಭ. ನನ್ನ ಹೆಂಡತಿ ವಿಮಲಾ ನಲವತ್ತಾರನೆಯ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತದ್ದು ಈ ಕಾರಿನಲ್ಲೇ. ವಿಜಯನಗರದ ನಮ್ಮ ಇಕ್ಕಟ್ಟಿನ ಗಲ್ಲಿಯಲ್ಲಿ ಅವಳು ಅಂಜದೆ ರಿವರ್ಸ್ ತೆಗೆಯುವುದು ಇದೊಂದನ್ನೇ; ಪ್ರತಿ ಗುರುವಾರ ಕೆಂಗೇರಿಯ ತಂಗಿಯ ಮನೆಗೆ ಯಾರನ್ನೂ ಕೇಳದೆ ಹೊರಡುವುದೂ ಇದರಲ್ಲೇ.

“ಈ ಕಾರು ಹೋದ್ರೆ ನಾನು ಮತ್ತೆ ನಿಮ್ಮ ಪುರುಸೊತ್ತಿಗೇ ಕಾಯ್ಬೇಕು, ಅಲ್ವೇನ್ರೀ?” ಎಂದಳು. ಸಿಟ್ಟಿನಿಂದ ಕೇಳಿದ್ದರೆ ಜಗಳವಾಡಬಹುದಿತ್ತು. ಅವಳು ಮೆತ್ತಗೆ ಕೇಳಿದಳು.

ಶನಿವಾರ ಮಾರೇನಹಳ್ಳಿಯ ಮೆಕ್ಯಾನಿಕ್ ರಾಜಣ್ಣನ ಬಳಿ ಹೋದೆ. “ಬಿಟ್ಟೋಗಿ ಸಾರ್, ನೋಡಿ ಹೇಳ್ತೀನಿ. ನೋಡೋದಕ್ಕೆ ಮುನ್ನೂರಾಗುತ್ತೆ” ಎಂದ.

“ನೋಡೋಕೂ ದುಡ್ಡೇನಪ್ಪಾ?”

“ಕಣ್ಣು ಪುಕ್ಸಟ್ಟೆ ಸಾರ್. ಎಲ್ಲಿ ನೋಡ್ಬೇಕು ಅನ್ನೋದಕ್ಕೆ ದುಡ್ಡು.”

ಸೈಕಲ್ಲಿನ ಮೇಲೆ ನಲ್ಲಿ ಮಾರಿ, ಬಿನ್ನಿಪೇಟೆಯಲ್ಲಿ ಸ್ವಂತ ಪೈಪಿನ ಅಂಗಡಿ ಕಟ್ಟಿದವನು ನಾನು. ನನಗೇ ಈ ವೇದಾಂತವೇ ಎಂದು ಉರಿದುಹೋಗಿ, ನೇರ ಬಿಡಿಭಾಗದ ಅಂಗಡಿಗೆ ನಡೆದೆ. ಅಂಗಡಿಯವನು ಹೇಳಿದ್ದು ಮೂರು ಸಾವಿರದ ನಾನೂರು. ಮೂರು ಸಲ ಹೊಸ್ತಿಲು ದಾಟಿ, ಮೂರು ಸಲವೂ ಕರೆಸಿಕೊಂಡು, ಎರಡು ಸಾವಿರದ ಇನ್ನೂರಕ್ಕೆ ಇಳಿಸಿದೆ. “ಬಿಲ್ ಇಲ್ಲ, ವಾಪಸ್ ಇಲ್ಲ, ಓಕೆನಾ ಸಾರ್?” ಎಂದಾಗ ದಿಗ್ವಿಜಯ ಮುಗಿಸಿದ ಚಕ್ರವರ್ತಿಯಂತೆ ತಲೆಯಾಡಿಸಿದೆ.

ಭಾನುವಾರದ ವಿವರ ಸಂಕ್ಷಿಪ್ತವಾಗಿರಲಿ, ಬೈಗುಳಗಳನ್ನು ತೆಗೆದರೆ ಉಳಿಯುವುದೂ ಅಷ್ಟೇ. ಸೆನ್ಸಾರಿನ ತಂತಿಯ ಪ್ಲಗ್ ಕಳಚಿದಾಗ ಒಳಗೆ ಏನೋ ಕೆಂಪಗೆ ಕಂಡಿತು, ತುಕ್ಕು ಎಂದುಕೊಂಡೆ. ಹದಿನೈದು ವರ್ಷದ ಶಾಖಕ್ಕೆ ಸೆನ್ಸಾರು ಹೊಗೆಯ ಕೊಳವೆಯೊಡನೆ ಅದ್ವೈತ ಸಾಧಿಸಿತ್ತು. ಎಣ್ಣೆ ಬಿಟ್ಟೆ, ಕಾದೆ, ಸ್ಪ್ಯಾನರಿನ ಹಿಡಿಗೆ ಅಂಗಡಿಯ ಕಬ್ಬಿಣದ ಪೈಪು ತೊಡಿಸಿ ಜಗ್ಗಿದೆ. ಅದು ಜಗ್ಗಲಿಲ್ಲ, ನನ್ನ ಕೈ ಜಾರಿತು. ಮಧ್ಯಾಹ್ನದ ಹೊತ್ತಿಗೆ, ಆರು ಮೂಲೆಗಳೂ ಸವೆದು ಗುಂಡಗಾಗಿ, ಇನ್ನೆಂದೂ ಯಾವ ಸ್ಪ್ಯಾನರಿಗೂ ದಕ್ಕದ ಸ್ಥಿತಿಯಲ್ಲಿ ಅದು ಹೊರಬಂತು. ಹೊಸದನ್ನು ಕೂರಿಸಿ, ಪ್ಲಗ್ ಸಿಕ್ಕಿಸಿ, ಕೀಲಿ ತಿರುಗಿಸಿದೆ.

ಹಳದಿ ದೀಪ ಉರಿಯುತ್ತಲೇ ಇತ್ತು.

ವಿಮಲಾ ಬಂದು ಡ್ರೈವರ್ ಸೀಟಿನಲ್ಲಿ ಕೂತು ಸ್ಟೀರಿಂಗಿನ ಮೇಲೆ ಎರಡೂ ಕೈ ಇಟ್ಟುಕೊಂಡಳು, ಅಷ್ಟೇ. ಆಮೇಲೆ ಇಳಿದು ಬಂದು, ಪ್ಲಗ್ಗನ್ನು ಮತ್ತೆ ಬಿಚ್ಚಿಸಿ, ಫೋನಿನ ಟಾರ್ಚ್ ಹಿಡಿದು ಬಾಗಿದಳು.

“ಏನ್ರೀ ಇದು ಕೆಂಪಗೆ?”

“ತುಕ್ಕು ಕಣೇ.”

ಸೇಫ್ಟಿ ಪಿನ್ನಿನಿಂದ ಕೆರೆದು ಮೂಸಿದಳು. “ನಿಮ್ಮ ತುಕ್ಕಿಂದ ಗಂಧದ ವಾಸನೆ ಬರುತ್ತಾ? ಆಯುಧಪೂಜೆ ದಿನ ಬಾನೆಟ್ ಎತ್ತಿ ಬೋಲ್ಟು ಬೋಲ್ಟಿಗೂ ಇಟ್ರಲ್ಲ, ಆ ಕುಂಕುಮ ರೀ ಇದು!”

ಓದುಗರೇ, ವರ್ಷವೆಲ್ಲ ಕೊತ್ತಂಬರಿ ಕಟ್ಟಿಗೂ ಚೌಕಾಸಿ ಮಾಡುವ ನಾನು ಆ ಒಂದು ದಿನ ಮಾತ್ರ ಕರ್ಣನಾಗುತ್ತೇನೆ. ಗಂಧ ಕಲಸಿದ ನೀರು, ಹಿಡಿಗಟ್ಟಲೆ ಕುಂಕುಮ, ಮೇಲೊಂದು ಚೊಂಬು ತೀರ್ಥ. ಪ್ಲಗ್ಗಿನ ರಬ್ಬರು ಸವೆದಿತ್ತು. ಪ್ರಸಾದವೆಲ್ಲ ಒಳಗಿಳಿದು ಹೆಪ್ಪುಗಟ್ಟಿ ಸಂಪರ್ಕವನ್ನೇ ಕಡಿದಿತ್ತು. ಹಳೆಯ ಸೆನ್ಸಾರು ನಿರಪರಾಧಿ. ಆದರೆ ಅದನ್ನು ಮತ್ತೆ ಕೂರಿಸುವಂತಿಲ್ಲ, ಹೊಸದನ್ನು ಹಿಂದಿರುಗಿಸುವಂತಿಲ್ಲ. ಎರಡೂ ಬಾಗಿಲುಗಳನ್ನು ನನ್ನ ಜಾಣತನವೇ ಮುಚ್ಚಿತ್ತು. ವಿಮಲಾ ಕಿವಿಯ ಕಡ್ಡಿಯಿಂದ ಪ್ಲಗ್ಗನ್ನು ಒರೆಸಿ ಒಣಗಿಸಿದಳು. ಬ್ಯಾಟರಿಯ ತಂತಿ ತೆಗೆದು, ಸ್ವಲ್ಪ ಹೊತ್ತು ಬಿಟ್ಟು ಹಾಕಿದೆವು. ದೀಪ ಆರಿತು. ಸೋಮವಾರ ಅವಳೇ ಕಾರು ಓಡಿಸಿಕೊಂಡು ಹೋಗಿ ಪಾಸು ಮಾಡಿಸಿಕೊಂಡು ಬಂದಳು. ಪಕ್ಕದಲ್ಲಿ ಕೂತ ನಾನು, ಗೇರ್ ಬದಲಿಸು ಎಂದುಕೂಡ ಹೇಳಲಿಲ್ಲ.

ಆದ್ದರಿಂದ, ಸೆನ್ಸಾರ್ ಕೊಳ್ಳುವ ಮೊದಲು ಪ್ಲಗ್ ಬಿಚ್ಚಿ ಮೂಸಿ ನೋಡಿ. ಬದಲಾಯಿಸಲೇಬೇಕಾದರೆ ಎಂಜಿನ್ ತುಸು ಬೆಚ್ಚಗಿರುವಾಗ, ಸರಿಯಾದ ಅಳತೆಯ ಸ್ಪ್ಯಾನರ್ ಹಾಕಿ. ಎಷ್ಟೇ ಅಗ್ಗವಾದರೂ ಬಿಲ್ ಬಿಡಬೇಡಿ. ಆಯುಧಪೂಜೆಗೆ ಬಾನೆಟ್ಟಿನ ಹೊರಗೆ ಒಂದು ಚಿಟಿಕೆ ಕುಂಕುಮ ಸಾಕು, ದೇವರಿಗೆ ಒಳಗಿನದೂ ಕಾಣುತ್ತದೆ. ಇನ್ನು ನೋಡುವುದಕ್ಕೇ ಮುನ್ನೂರು ಕೇಳುವ ರಾಜಣ್ಣನಂಥವರು ಸಿಕ್ಕರೆ ಇನ್ನೂರೈವತ್ತಕ್ಕೆ ಕೇಳಿ. ಆದರೆ ಕೊಟ್ಟುಬಿಡಿ.